ಬತಾಕದ ಮೇಲಿನ ತಾರೀಖು

ಫೆಬ್ರವರಿ ಹತ್ತು, ಬೆಳಿಗ್ಗೆ ಏಳೂ ಕಾಲು ಗಂಟೆ. ಲಕ್ಷ್ಮೀದೇವಿಯ ಬತಾಕದ ಅವಧಿ ಮುಗಿದು ಆಗಲೇ ನಾಲ್ಕು ದಿನವಾಗಿತ್ತು.

ಬತಾಕ ಎಂದರೆ ಕುವೈತ್‌ನಲ್ಲಿ ಅಲ್ಲಿಯ ಸರ್ಕಾರ ಕೊಡುವ ಗುರುತಿನ ಚೀಟಿ. ಎಟಿಎಂ ಕಾರ್ಡಿನಷ್ಟು ಅಗಲ. ಒಂದು ಕಡೆ ಫೋಟೊ, ಹನ್ನೆರಡು ಅಂಕಿಯ ನಂಬರು, ಪಕ್ಕದಲ್ಲಿ ಅವಧಿ ಮುಗಿಯುವ ತಾರೀಖು. ಮಿಡಿಗೇಶಿಯ ಆ ಮನೆಯಲ್ಲಿ ಏಳು ವರ್ಷದಿಂದ ಎಲ್ಲರ ಬಾಯಲ್ಲೂ ಇದ್ದ ಪದ ಅದು. ಕಾರ್ಡಿನ ತಾರೀಖು ಸರಿಯಿದ್ದರೆ ಲಕ್ಷ್ಮೀದೇವಿ ರಜೆ ಮುಗಿಸಿ ಕುವೈತ್‌ಗೆ ವಾಪಸು ಹೋಗಿ ಅಲ್ಲಿಯ ಅದೇ ಮನೆಯಲ್ಲಿ ಅದೇ ಮನೆಗೆಲಸಕ್ಕೆ ಸೇರುತ್ತಾಳೆ. ಇಲ್ಲದಿದ್ದರೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ತಡೆಯಬಹುದು.

ಟಿಕೆಟ್ ವಿಚಾರಿಸಲು ಆಂಧ್ರದ ಕದಿರಿಯ ಏಜೆಂಟ್ ಕಾರ್ಡಿನ ನಂಬರು ಕೇಳಿದ್ದ. ಓದಿ ಹೇಳೋಣವೆಂದು ಕಾರ್ಡನ್ನು ಹೊರತೆಗೆದವಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಮಾವ, ಇದನ್ನೊಸಿ ನೋಡಿ. ಆರನೇ ತಾರೀಖಿಗೇ ಮುಗ್ದೋಗೈತೆ."

ಗಂಗಾಧರಯ್ಯ ರಾಗಿರೊಟ್ಟಿಯ ತುಂಡನ್ನು ಹುಚ್ಚೆಳ್ಳು ಚಟ್ನಿಗೆ ಅದ್ದಿದ್ದರು. ಅದನ್ನು ತಟ್ಟೆಯಲ್ಲೇ ಬಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ಕಾರ್ಡನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು.

"ಮೂಲೆ ಬುಟ್ಕಂಡೈತಲ್ಲಮ್ಮ ಇದು. ಸೀಳ್ತಾ ಐತೆ."

"ಮೂಲೆ ಅಂಗಿರ್ಲಿ ಮಾವ. ತಾರೀಖು ನೋಡಿ."

ನಡುಮನೆಯ ಮಂಚದಿಂದ ಕೆಂಚಮ್ಮ ಕೂಗಿದರು. "ಏನಾತೇ? ಹೋಗಂಗಿಲ್ವಾ ಅಂಗಾದ್ರೆ?" ಅದನ್ನು ಅವರು ಹೆದರಿ ಕೇಳಿದರೋ, ಆಸೆಯಿಂದ ಕೇಳಿದರೋ ಯಾರಿಗೂ ಗೊತ್ತಾಗಲಿಲ್ಲ.

ಲಕ್ಷ್ಮೀದೇವಿ ಊರಿಗೆ ಬಂದದ್ದೇ ಈ ಅತ್ತೆಗಾಗಿ. ಸೆಪ್ಟೆಂಬರಿನಲ್ಲಿ ಕೆಂಚಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತುಮಕೂರಿನಲ್ಲಿ ಆಪರೇಷನ್ ಆಯಿತು. ಗಂಡ ಪ್ರಸನ್ನ ಕುಮಾರನಿಗೆ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಗುತ್ತಿಗೆ ಕೆಲಸ. ಬೆಳಿಗ್ಗೆ ಐದಕ್ಕೆ ಹೋದರೆ ಸಂಜೆಯೇ. ಮಗಳು ತೇಜಸ್ವಿನಿ ಮಧುಗಿರಿಯಲ್ಲಿ ಎರಡನೇ ಪಿಯುಸಿ. ಮುದುಕಿಯನ್ನು ಎತ್ತಿ ಕೂರಿಸುವವರು ಇರಲಿಲ್ಲ. ಎರಡು ತಿಂಗಳೆಂದು ಬಂದವಳು ಐದನೇ ತಿಂಗಳಿಗೂ ಉಳಿದಿದ್ದಳು. ಆರು ತಿಂಗಳು ದಾಟಿದರೆ ಅಲ್ಲಿಯ ವಾಸದ ಪರವಾನಗಿ, ಅವರ ಮಾತಿನಲ್ಲಿ ಅಕಾಮ, ತಾನಾಗಿಯೇ ರದ್ದಾಗುತ್ತದೆ ಎಂದು ಕೆಲಸದ ಮನೆಯ ಮೇಡಂ ಮೊದಲೇ ಹೇಳಿದ್ದರು. ಅವಳು ಬಂದದ್ದು ಸೆಪ್ಟೆಂಬರ್ ಇಪ್ಪತ್ತನಾಲ್ಕಕ್ಕೆ. ಅಂದರೆ ಮಾರ್ಚ್ ಇಪ್ಪತ್ತಮೂರು ಕೊನೆ.

ಮಧ್ಯಾಹ್ನ ಮೇಡಂ ಧ್ವನಿ ಸಂದೇಶ ಕಳಿಸಿದರು, ಅರಬ್ಬಿಗೆ ಹಿಂದಿ ಬೆರೆಸಿ. ಲಕ್ಷ್ಮೀದೇವಿ ಎರಡು ಸಲ ಕೇಳಿ ಮಾವನಿಗೆ ಬಿಡಿಸಿ ಹೇಳಿದಳು. ಅಕಾಮ ಇನ್ನೊಂದು ವರ್ಷಕ್ಕೆ ಮುಂದುವರಿದಿದೆ. ಎಲ್ಲ ಆನ್‌ಲೈನ್. ಅದರ ಕಾಗದವನ್ನು ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಹೊಸ ಕಾರ್ಡು ಬಂದ ಮೇಲೆ ಅಲ್ಲೇ ತೆಗೆದುಕೊಳ್ಳಬೇಕು. ಫೋನಿನಲ್ಲಿ ತೋರಿಸುವ ಕಾರ್ಡೂ ಉಂಟು, ಆದರೆ ಅದಕ್ಕೆ ಅಲ್ಲಿಯ ಸಿಮ್ ಬೇಕು. ಆ ಸಿಮ್ ರೀಚಾರ್ಜ್ ಇಲ್ಲದೆ ಡಿಸೆಂಬರಿನಲ್ಲೇ ಸತ್ತಿತ್ತು.

"ಅಂದ್ರೆ ಅವಧಿ ಐತೆ. ಕಾರ್ಡ್ ಮ್ಯಾಲೆ ಇಲ್ಲ," ಎಂದರು ಗಂಗಾಧರಯ್ಯ.

"ಅಷ್ಟೇ ಮಾವ."

"ಏರ್‌ಪೋರ್ಟ್‌ನೋರು ಒಪ್ತಾರಾ?"

"ಅದೇ ಗೊತ್ತಿಲ್ಲ."

ಗಂಗಾಧರಯ್ಯ ಮಧುಗಿರಿಯ ಒಂದು ಖಾಸಗಿ ಬಸ್ ಕಂಪನಿಯ ಪಾಸ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು. ಗೊತ್ತಿಲ್ಲ ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. ಹಳೆಯ ಡೈರಿ ತೆಗೆದು ಅವತ್ತಿನ ತಾರೀಖು ಹಾಕಿ, ಕೆಳಗೆ ಬರೆದರು: ಅವಧಿ ವಿಸ್ತರಣೆಯಾದ ಕಾರ್ಡು, ಒಪ್ಪುತ್ತಾರೋ ಇಲ್ಲವೋ, ವಿಚಾರಿಸುವುದು.

ವಿಚಾರಿಸಲು ಎರಡು ವಾರ ಹಿಡಿಯಿತು. ಏಜೆಂಟ್ "ಏಂ ಕಾದಮ್ಮಾ, ಧೈರ್ಯಂಗಾ ವೆಳ್ಳು" ಎಂದು ತೆಲುಗಿನಲ್ಲಿ ಏನೂ ಆಗದೆಂದು ಧೈರ್ಯ ಹೇಳಿದ; ಅವನಿಗೆ ಟಿಕೆಟ್ ಮಾರಿದರೆ ಸಾಕಿತ್ತು. ವಿಮಾನ ಕಂಪನಿಯ ಸಹಾಯವಾಣಿಯಲ್ಲಿ ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, ಪ್ರಯಾಣಿಕರು ಸರಿಯಾದ ದಾಖಲೆ ಹೊಂದಿರಬೇಕು ಎಂದಷ್ಟೇ ಹೇಳಿದರು. ಕೊನೆಗೆ ಮಾವ ಸೊಸೆ ಇಬ್ಬರೂ ಬಸ್ಸು ಹತ್ತಿ ಪಾವಗಡಕ್ಕೆ ಹೋದರು. ಅಲ್ಲಿ ಶನಿಮಹಾತ್ಮನ ಗುಡಿಯ ಹಿಂದಿನ ಬೀದಿಯಲ್ಲಿ ಚಿಕ್ಕಲಕ್ಷ್ಮಮ್ಮ ಎಂಬಾಕೆ ಇದ್ದಳು. ಹನ್ನೊಂದು ವರ್ಷ ಕುವೈತ್‌ನಲ್ಲಿ ಅಡುಗೆ ಮಾಡಿ, ಮಂಡಿ ನೋವೆಂದು ಬಂದು ಊರಲ್ಲೇ ಕೂತವಳು.

"ರಾ ಲಕ್ಷ್ಮೀ, ಕೂಚೋ. ಬನ್ನಿ ಸ್ವಾಮಿ, ಮೇಲ್ಕೂತ್ಕಳಿ," ಎಂದು ತೆಲುಗು ಕನ್ನಡ ಬೆರೆಸಿ ಕರೆದು ಕುರ್ಚಿ ಎಳೆದಳು. ಕಾರ್ಡು ನೋಡಿ ನಕ್ಕಳು. "ಅಯ್ಯೋ, ನಂದೂ ಇದೇ ಕತೆ ಆಗಿತ್ತಲ್ಲೇ. ಕೊನೇ ಸಾರಿ ಹೋಗೋವಾಗ ಮೂರು ವಾರ ಆಗೋಗಿತ್ತು ತಾರೀಖು."

"ಬಿಟ್ರಾ?"

"ಬಿಟ್ರು. ರೊದ್ದಂ ಕಡೆಯೋಳು ಒಬ್ಬಳನ್ನ ಎರಡು ಗಂಟೆ ಕೂರ್ಸಿ, ಅಲ್ಲಿಗೆ ಕೇಳಿ ಆಮ್ಯಾಕೆ ಬಿಟ್ರು. ಇನ್ನೊಬ್ಬಳನ್ನ ವಾಪಸ್ ಕಳ್ಸಿದ್ರು. ಅವಳ ಹತ್ರ ಪೇಪರೇ ಇರ್ಲಿಲ್ಲ, ಬರೀ ಬಾಯಿ."

"ಹಂಗಾದ್ರೆ ಕಾನೂನು ಏನಮ್ಮ?" ಗಂಗಾಧರಯ್ಯ ಡೈರಿ ಬಿಚ್ಚಿದರು.

"ಕಾನೂನು ನಂಗೇನು ಗೊತ್ತು ಸ್ವಾಮಿ. ಕೌಂಟ್ರಲ್ಲಿ ಕೂತೋನು ನೋಡ್ತಾನೆ, ಪೇಪರ್ ನಂಬರೂ ಕಾರ್ಡ್ ನಂಬರೂ ಒಂದೇನಾ ಅಂತ. ಒಂದೇ ಆದ್ರೆ ಮೇಲಿನೋರ್ನ ಕೇಳ್ತಾನೆ. ಒಂದು ಚೆಪ್ತಾನು ಲಕ್ಷ್ಮೀ, ಕೇಳು. ಎರಡನ್ನೂ ಪಕ್ಕಪಕ್ಕ ಇಟ್ಟು ಕೊಡು, ಸುಮ್ಕೆ ನಿಂತ್ಕೋ. ಬಾಯಿ ಮಾಡ್ಬ್ಯಾಡ."

ವಾಪಸು ಬರುವಾಗ ಬಸ್ಸಿನಲ್ಲಿ ಗಂಗಾಧರಯ್ಯ ತಲೆಯಾಡಿಸಿದರು. "ಪಕ್ಕಪಕ್ಕ ಇಡೋದು ಅಂದ್ರೇನು? ಎರಡು ಕಾಗದ ಇದ್ದ ಕಡೆ ಒಂದು ಕಳೆದೇ ಕಳೀತದೆ. ನಮ್ ಕೌಂಟ್ರಲ್ಲಿ ಹುಡುಗ್ರು ಪಾಸು ಒಂದು ಕಡೆ, ರಸೀತಿ ಒಂದು ಕಡೆ ಮಾಡ್ಕಂಡು ಕಂಡಕ್ಟ್ರ ಹತ್ರ ಬೈಸ್ಕಳೋವು."

"ಹೌದು ಮಾವ," ಎಂದಳು ಲಕ್ಷ್ಮೀದೇವಿ. ಅವಳು ಫೋನಿನಲ್ಲಿ ಟಿಕೆಟ್ ದರ ನೋಡುತ್ತಿದ್ದಳು.

ಪರೀಕ್ಷೆ ಮುಂದಕ್ಕೆ ಹೋದ ವರ್ಷಗಳಲ್ಲಿ ವಿದ್ಯಾರ್ಥಿಗಳ ಪಾಸಿನ ಅವಧಿಯನ್ನು ಮುಂದುವರಿಸುತ್ತಿದ್ದವರು ಅವರೇ. ಹೊಸ ತಾರೀಖಿನ ಚೀಟಿಯನ್ನು ಹಳೆ ತಾರೀಖಿನ ಮೇಲೆ ಅಂಟಿಸಿ, ಅರ್ಧ ಚೀಟಿಯ ಮೇಲೆ ಅರ್ಧ ಪಾಸಿನ ಮೇಲೆ ಬೀಳುವಂತೆ ಸಹಿ ಹಾಕುವುದು. ಮಧುಗಿರಿಯಿಂದ ಶಿರಾವರೆಗೆ, ಕೊರಟಗೆರೆವರೆಗೆ, ಯಾವ ಕಂಡಕ್ಟರೂ ಆ ಸಹಿ ನೋಡಿದ ಮೇಲೆ ಎರಡನೇ ಮಾತು ಆಡುತ್ತಿರಲಿಲ್ಲ.

ಹೊರಡುವ ದಿನದ ಬಗ್ಗೆ ಜಗಳವಾದದ್ದು ಫೆಬ್ರವರಿ ಕೊನೆಯ ಭಾನುವಾರ. ಆ ದಿನ ಅಂಗಳದಲ್ಲಿ ಹುಣಸೆಹಣ್ಣು ಬಡಿಯುವ ಕೆಲಸವಿತ್ತು. ಪ್ರಸನ್ನ ಕುಮಾರ ಓಡು ಬಡಿಯುತ್ತಿದ್ದ, ಲಕ್ಷ್ಮೀದೇವಿ ನಾರು ತೆಗೆಯುತ್ತಿದ್ದಳು. ಕೆಂಚಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮಡಿಲಿಗೆ ಮೊರ ಕೊಟ್ಟಿದ್ದರು, ಬೀಜ ಬಿಡಿಸಲಿ ಎಂದು.

"ಹತ್ತನೇ ತಾರೀಖಿಗೆ ಟಿಕೆಟ್ ಮಾಡ್ಸಾನ," ಎಂದ ಪ್ರಸನ್ನ ಕುಮಾರ. "ಏನಾರ ತೊಂದ್ರೆ ಆದ್ರೂ ಹತ್ತು ಹನ್ನೆರಡು ದಿನ ಕೈಯಾಗಿರ್ತದೆ."

ತೇಜಸ್ವಿನಿ ಪುಸ್ತಕ ಹಿಡಿದುಕೊಂಡೇ ಹೊರಗೆ ಬಂದಳು. "ಹತ್ತಕ್ಕಾ? ನನ್ ಕೊನೇ ಪೇಪರ್ ಇಪ್ಪತ್ತಕ್ಕೆ. ಬಯಾಲಜಿ."

"ನಿನ್ ಪೇಪರ್ ನೀನ್ ಬರಿತೀಯ. ಅಮ್ಮ ಬರಿತಾಳಾ?"

"ಎಸ್ಸೆಲ್ಸಿ ಬರ್ದಾಗ ಅಮ್ಮ ಇರ್ಲಿಲ್ಲ. ನಾನು ದೊಡ್ಡೋಳಾದಾಗ್ಲೂ ಇರ್ಲಿಲ್ಲ. ಇದೊಂದ್ ಹತ್ತು ದಿನ ಇದ್ರೆ ಏನ್ ಕೊಳ್ಳೆ ಹೋಗ್ತದೆ?"

"ಲೇ, ನಿಮ್ಮಮ್ಮ ಅಲ್ಲೇನು ಜಾತ್ರೆ ನೋಡಕ್ ಹೋಗಿದ್ಲಾ?"

"ಅಂಗಂತ ನಾನ್ ಅಂದ್ನಾ?"

ಗಂಗಾಧರಯ್ಯ ಜಗಲಿಯಿಂದ ಹೇಳಿದರು, "ಮಗೂ ಹೇಳದ್ರಾಗೂ ನ್ಯಾಯ ಐತೆ ಕಣ್ಲಾ. ಇಪ್ಪತ್ತೊಂದಕ್ಕೆ ಹೋಗ್ಲಿ. ಇಪ್ಪತ್ತಮೂರಕ್ಕೆ ಅಲ್ವಾ ಕೊನೆ?"

ಕೆಂಚಮ್ಮ ಮೊರದಿಂದ ತಲೆಯೆತ್ತಿದರು. "ಆಹಾ, ಇವರು ಬಂದ್ರು ನ್ಯಾಯ ಹೇಳಕ್ಕೆ. ಅವಳು ಮೊದ್ಲು ಹೋಗ್ತೀನಿ ಅಂದಾಗ ಎರಡು ತಿಂಗ್ಳು ಅವಳ ಕೈ ನೀರು ಮುಟ್ಲಿಲ್ಲ ಈ ಮನುಷ್ಯ. ನಮ್ ವಂಶದಾಗೆ ಹೆಂಗಸ್ರು ಸಮುದ್ರ ದಾಟಿಲ್ಲ ಅಂತ! ಇವರ ವಂಶದಾಗೆ ಗಂಡಸ್ರು ಹಿಂದೂಪುರ ದಾಟಿದ್ರೇನೋ."

ಲಕ್ಷ್ಮೀದೇವಿಗೆ ನಗು ಬಂತು. ತೇಜಸ್ವಿನಿಯೂ ನಕ್ಕಳು. ಗಂಗಾಧರಯ್ಯ ಮಾತ್ರ ನಗಲಿಲ್ಲ. "ಆಗ ಅಂದಿದ್ದು ಆಗ. ಈಗ ನಾನೇನಾರ ಅಡ್ಡ ಬಂದಿದೀನಾ?"

"ಇಲ್ಲ ಮಾವ," ಎಂದಳು ಲಕ್ಷ್ಮೀದೇವಿ. ಮಗಳ ಮುಖ ನೋಡಿದಳು. "ಇಪ್ಪತ್ತೊಂದಕ್ಕೇ ಮಾಡ್ಸಿ."

ಪ್ರಸನ್ನ ಕುಮಾರ ಬಡಿಗೆಯನ್ನು ನೆಲಕ್ಕೆ ಹಾಕಿ ಎದ್ದ. "ಮಾಡ್ಸ್ಕಳಿ. ಆಮೇಲೆ ನನ್ ಕೇಳ್ಬ್ಯಾಡಿ."

ಮಾರ್ಚ್ ಹದಿನೆಂಟರಂದು ಲಕ್ಷ್ಮೀದೇವಿ ಕಾಗದಪತ್ರದ ಪ್ಲಾಸ್ಟಿಕ್ ಫೈಲನ್ನು ಮಾವನ ಕೈಗೆ ಕೊಟ್ಟಳು. ಮೇಡಂ ಕಳಿಸಿದ ಕಾಗದವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಬೇಕಿತ್ತು. ಪಾಸ್‌ಪೋರ್ಟಿನ ಜೆರಾಕ್ಸ್ ಬೇಕಿತ್ತು. ಅವಳಿಗೆ ಅತ್ತೆಯ ಮಾತ್ರೆಗಳನ್ನು ವಾರವಾರಕ್ಕೆ ಬೇರೆ ಮಾಡಿ ಕಟ್ಟುವ ಕೆಲಸವಿತ್ತು.

"ನೀವೇ ಒಂದ್ಸಲ ನೋಡಿ ಸರಿಯಾಗಿ ಜೋಡಿಸ್ಬುಡಿ ಮಾವ. ನಿಮ್ ಕೈಯಾಗಾದ್ರೆ ಅಚ್ಚುಕಟ್ಟು."

ಏಳು ವರ್ಷದಲ್ಲಿ ಅವಳು ಈ ವಿಷಯದಲ್ಲಿ ಅವರಿಗೆ ವಹಿಸಿದ ಮೊದಲ ಕೆಲಸ ಅದು. ಗಂಗಾಧರಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹತ್ತೂವರೆ ಬಸ್ಸಿಗೆ ಮಧುಗಿರಿಗೆ ಹೋದರು.

ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಪ್ರಭುದೇವ್ ಅವರಿಗೆ ಹಳೆಯ ಪರಿಚಯ. ಶಾಲೆಗೆ ಹೋಗುವಾಗ ಅವರಿಂದಲೇ ಪಾಸು ಮಾಡಿಸಿಕೊಂಡವನು. ಎರಡು ಬಣ್ಣದ ಪ್ರಿಂಟ್ ತೆಗೆದುಕೊಟ್ಟ. ಗಂಗಾಧರಯ್ಯ ಒಂದನ್ನು ಫೈಲಿಗೆ ಸೇರಿಸಿದರು. ಇನ್ನೊಂದನ್ನು ಮೇಜಿನ ಮೇಲೆ ಹರಡಿ ಕತ್ತರಿ ಕೇಳಿದರು.

ಆ ಕಾಗದದಲ್ಲಿ ಒಂದು ಸಾಲಿನಲ್ಲಿ ಹೊಸ ತಾರೀಖಿತ್ತು, ಇಂಗ್ಲಿಷ್ ಅಂಕಿಯಲ್ಲಿ. ಅದನ್ನು ಅಳತೆಪಟ್ಟಿ ಇಟ್ಟು ಸಣ್ಣ ಚೀಟಿಯಾಗಿ ಕತ್ತರಿಸಿದರು. ಕಾರ್ಡಿನ ಹಳೆಯ ತಾರೀಖಿನ ಮೇಲೆ ಗೋಂದಿನಿಂದ ಕೂರಿಸಿದರು. ಒಂದು ಕೂದಲೆಳೆಯಷ್ಟೂ ಓರೆಯಾಗಲಿಲ್ಲ. ಅಭ್ಯಾಸಬಲದಿಂದ ಕೈ ಜೇಬಿನ ಪೆನ್ನಿಗೆ ಹೋಯಿತು. ಇದು ತಮ್ಮ ಕಂಪನಿಯ ಪಾಸಲ್ಲ ಎಂದು ತಡೆದುಕೊಂಡರು.

"ಹಿಂಗೆ ಅಂಟಿಸ್ಬೋದಾ ಸಾರ್?" ಎಂದ ಪ್ರಭುದೇವ್.

"ನಾನೇನು ಬರೆದ್ನಾ? ಅವರ ಸರ್ಕಾರದ ಕಾಗದ, ಅವರ ತಾರೀಖು. ಒರಿಜಿನಲ್ಲು ಫೈಲಲ್ಲೇ ಐತೆ. ಮೂವತ್ತೊಂದು ವರ್ಷ ಇದನ್ನೇ ಮಾಡಿದೀನಿ ಕಣಯ್ಯ."

"ಅದು ಬಸ್ಸಿಗೆ ಸಾರ್."

"ಬಸ್ಸಿಗೆ ಒಂದು ಕಾನೂನು, ಇಮಾನಕ್ಕೆ ಒಂದು ಕಾನೂನಾ? ಎಲ್ಲಾ ಕಡೆ ನೋಡೋದು ತಾರೀಖೇ. ಲ್ಯಾಮಿನೇಷನ್ ಮಾಡು, ಮೂಲೆ ಸೀಳ್ತಾ ಐತೆ."

ಪ್ರಭುದೇವ್ ಲ್ಯಾಮಿನೇಷನ್ ಮಾಡಿಕೊಟ್ಟ. ಬಿಸಿ ಆರುವವರೆಗೆ ಗಂಗಾಧರಯ್ಯ ಅದನ್ನು ಡೈರಿಯ ನಡುವೆ ಇಟ್ಟುಕೊಂಡು ಕಾದರು.

ಮನೆಗೆ ಬಂದು ಫೈಲು ಕೊಡುವಾಗ, "ಎಲ್ಲಾ ಸರಿ ಮಾಡಿದೀನಿ, ಇನ್ನು ಯೋಚ್ನೆ ಬ್ಯಾಡ," ಎಂದರು. ಲಕ್ಷ್ಮೀದೇವಿ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. "ಸೂಟ್‌ಕೇಸ್ ಮೇಲಿಡಿ ಮಾವ," ಎಂದಳು. ಕಾರ್ಡು ಫೈಲಿನ ಒಳಜೇಬಿನಲ್ಲಿತ್ತು.

ಇಪ್ಪತ್ತರಂದು ತೇಜಸ್ವಿನಿ ಬಯಾಲಜಿ ಬರೆದು ಬಂದಳು. ಸುಲಭವಿತ್ತು ಎಂದಳು. ಲಕ್ಷ್ಮೀದೇವಿ ಒಬ್ಬಟ್ಟು ಮಾಡಿದಳು. ಕೆಂಚಮ್ಮ ಒಂದೇ ಒಂದು ತಿಂದು, ಇನ್ನು ಯಾವಾಗಲೋ ಏನೋ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇಪ್ಪತ್ತೊಂದರ ಬೆಳಿಗ್ಗೆ ಹತ್ತಕ್ಕೆ ಪಕ್ಕದ ಬೀದಿಯ ಸುರೇಶನ ಬಾಡಿಗೆ ಕಾರು ಬಂತು. ಪ್ರಸನ್ನ ಕುಮಾರ ರಜೆ ಹಾಕಿದ್ದ. ಗಂಗಾಧರಯ್ಯನೂ ಬರುತ್ತೇನೆಂದು ಮುಂದೆ ಕೂತರು. ಈ ಹಿಂದೆ ಮೂರು ಸಲ ಅವಳು ಹೋದಾಗಲೂ ಅವರು ಕಳಿಸಲು ಹೋಗಿರಲಿಲ್ಲ. ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಹಾದು ಒಂದೂವರೆಗೆ ವಿಮಾನ ನಿಲ್ದಾಣ ಸೇರಿದರು. ಐದೂ ನಲವತ್ತರ ವಿಮಾನ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಲಕ್ಷ್ಮೀದೇವಿ ಗೇಟಿನಲ್ಲಿ ಮಾವನ ಕಾಲು ಮುಟ್ಟಿ, ಗಂಡನಿಗೆ ಹೋಗಿ ಬರ್ತೀನಿ ಎಂದು ಟ್ರಾಲಿ ತಳ್ಳಿಕೊಂಡು ಒಳಗೆ ಹೋದಳು.

ಎರಡೂ ಐವತ್ತಕ್ಕೆ ಪ್ರಸನ್ನ ಕುಮಾರನ ಫೋನು ಬಡಿಯಿತು. ಅವನು ಕೇಳಿಸಿಕೊಂಡು ಫೋನನ್ನು ಅಪ್ಪನ ಕೈಗೆ ಕೊಟ್ಟ.

"ಮಾವ, ಬತಾಕಕ್ಕೆ ಏನ್ ಮಾಡಿದ್ರಿ?"

"ಯಾಕಮ್ಮ? ಹೊಸ ತಾರೀಖು ಹಾಕ್ಸಿ ಲ್ಯಾಮಿನೇಷನ್ ಮಾಡ್ಸಿದೆ."

ಆ ಕಡೆ ಮೈಕಿನಲ್ಲಿ ಯಾವುದೋ ವಿಮಾನದ ಹೆಸರು ಕೂಗುತ್ತಿದ್ದರು.

"ತಿದ್ದಿರೋ ಕಾರ್ಡು ಅಂತಾವ್ರೆ ಮಾವ."

"ತಿದ್ದಿಲ್ಲಮ್ಮ! ಅವರದೇ ಕಾಗದ ಅದು! ನಂಗೆ ಕೊಡು ಅವರ ಕೈಗೆ ಫೋನು, ನಾನ್ ಹೇಳ್ತೀನಿ."

"ಲ್ಯಾಮಿನೇಷನ್ ಬಿಚ್ಚಿ ಚೀಟಿ ಕಿತ್ರೆ ಸರಿಹೋಗ್ತದೇನೋ ಅಂತ ಕಿತ್ತೆ. ಕೆಳಗಿನ ಅಚ್ಚೂ ಅದರ ಜೊತೇಲೇ ಎದ್ಬಂತು. ಹಳೆ ತಾರೀಖೂ ಇಲ್ಲ ಈಗ."

ಫೋನು ಕಟ್ಟಾಯಿತು. ಗಂಗಾಧರಯ್ಯ ಗಾಜಿನ ಗೋಡೆಯ ಹತ್ತಿರ ಹೋಗಿ ಒಳಗೆ ನೋಡಿದರು. ತುಂಬಾ ಜನ ಕಂಡರು, ಅವಳು ಕಾಣಲಿಲ್ಲ. ಬಾಗಿಲಲ್ಲಿದ್ದ ಪೊಲೀಸಿನವನಿಗೆ ವಿಷಯ ಹೇಳಲು ಹೋದರು. ಟಿಕೆಟ್ ಇದೆಯಾ ಎಂದು ಅವನು ಕೇಳಿದ. ಇಲ್ಲವೆಂದರು. ಪಕ್ಕಕ್ಕೆ ನಿಲ್ಲಿ ಯಜಮಾನರೇ ಎಂದ.

ಐದಕ್ಕೆ ಹತ್ತು ನಿಮಿಷ ಇರುವಾಗ ಲಕ್ಷ್ಮೀದೇವಿ ಟ್ರಾಲಿ ತಳ್ಳಿಕೊಂಡು ಹೊರಗೆ ಬಂದಳು. ಅಳುತ್ತಿರಲಿಲ್ಲ. ಸುರೇಶ ಸೂಟ್‌ಕೇಸನ್ನು ಡಿಕ್ಕಿಗೆ ಹಾಕಿದ. ಕಾರು ದೊಡ್ಡಬಳ್ಳಾಪುರ ದಾಟಿತು. ಆಮೇಲೆ ಅವಳೇ ಹೇಳಿದಳು, ಗಂಡನಿಗೆ.

"ನನ್ ಮುಂದೆ ರಾಯಚೋಟಿಯೋಳು ಒಬ್ಬಳಿದ್ಲು. ಅವಳದ್ದು ಜನವರೀಲೇ ಮುಗಿದಿತ್ತು. ನನ್ನಂಗೇ ಪೇಪರು. ನೋಡಿದ್ರು, ಯಾರ್ಗೋ ಫೋನ್ ಮಾಡಿ ನಂಬರ್ ಹೇಳಿದ್ರು, ಬೋರ್ಡಿಂಗ್ ಪಾಸ್ ಕೊಟ್ರು. ಐದು ನಿಮಿಷ."

"ನಿಂದು?"

"ನಂದನ್ನ ಇಸ್ಕಂಡೋನು ಉಗುರಲ್ಲಿ ಕೆರೆದು ನೋಡ್ದ. ಇಮಿಗ್ರೇಷನ್ ಸಾಹೇಬ್ರನ್ನ ಕರೆಸಿದ್ರು. ಅವರು ಅಂದ್ರು, ಬರೀ ಹಳೆ ಕಾರ್ಡು ಪೇಪರು ತಂದಿದ್ರೆ ನಾವೇ ಕೇಳಿ ಕಳಿಸ್ತಿದ್ವಮ್ಮ, ಇದನ್ನ ಕಳಿಸಿದ್ರೆ ಅಲ್ಲಿ ಇಳಿದ ತಕ್ಷಣ ನಿನ್ನ ಹಿಡೀತಾರೆ ಅಂತ."

ಮುಂದಿನ ಸೀಟಿನಲ್ಲಿ ಗಂಗಾಧರಯ್ಯ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ರಸ್ತೆ ನೋಡುತ್ತಿದ್ದರು.

ಇನ್ನು ಎರಡು ದಿನವಿತ್ತು. ಬೆಳಗಾಗುತ್ತಲೇ ಲಕ್ಷ್ಮೀದೇವಿ ಮೇಡಂಗೆ ಫೋನು ಮಾಡಿದಳು. ಅಲ್ಲಿಯ ಕಚೇರಿಗಳಿಗೆ ಶುಕ್ರವಾರ ಶನಿವಾರ ರಜೆ. ಹೊಸ ಕಾರ್ಡು ತೆಗೆದು ಕೊರಿಯರ್ ಮಾಡಿದರೂ ಇಪ್ಪತ್ತಮೂರರ ಒಳಗೆ ಅದು ಬೆಂಗಳೂರು ಸೇರುವ ಹಾಗಿರಲಿಲ್ಲ. ಮೇಡಂ ಮೊದಲು ಸಮಾಧಾನವಾಗಿ ಮಾತಾಡಿದರು, ಆಮೇಲೆ ರೇಗಿದರು. ರಂಜಾನ್ ತಿಂಗಳು, ಮನೆ ತುಂಬ ನೆಂಟರು, ಇನ್ನೆಷ್ಟು ದಿನ ಕಾಯಲಿ ಎಂದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಪ್ರಸನ್ನ ಕುಮಾರನ ಮುದ್ದೆ ಹಾಗೇ ಇತ್ತು.

"ಒಂದ್ ಮಾತು ಕೇಳ್ತೀನಿ ಅಪ್ಪ. ನಿಜ ಹೇಳಿ. ಬೇಕು ಅಂತ್ಲೇ ಮಾಡಿದ್ರಾ?"

"ಏನಂದೆ?"

"ಏಳು ವರ್ಷದಿಂದ ಅವಳು ಹೋಗೋದು ನಿಮಗೆ ಇಷ್ಟ ಇರ್ಲಿಲ್ಲ. ಇಪ್ಪತ್ತೊಂದಕ್ಕೆ ಅಂದೋರೂ ನೀವೇ. ಯಾರನ್ನೂ ಕೇಳ್ದಂಗೆ ಕಾರ್ಡಿಗೆ ಕೈ ಹಾಕಿದೋರೂ ನೀವೇ."

"ಲೇ, ಪ್ರಸನ್ನ..."

"ಹೇಳಿ ಮತ್ತೆ!"

"ಅವಳ ದಾರಿ ಸಸಾರ ಆಗ್ಲಿ ಅಂತ ಮಾಡ್ದೆ ಕಣ್ಲಾ. ನನ್ ಕೈ ಬಿದ್ದೋಗ್ಲಿ, ಬೇಕು ಅಂತ ಮಾಡಿದ್ರೆ."

"ಕೈ ಬಿದ್ರೆ ಅಕಾಮ ಬತ್ತದಾ?"

"ಸುಮ್ಕಿರೋ ಪ್ರಸನ್ನ," ಎಂದರು ಕೆಂಚಮ್ಮ. ಗಂಡನ ಕಡೆ ತಿರುಗಿ, "ಕೇಳ್ಬಾರ್ದಾ? ಒಂದ್ ಮಾತು ಅವಳನ್ನ ಕೇಳ್ಬಾರ್ದಾ? ಎಲ್ಲಾ ನಂಗೆ ಗೊತ್ತು, ಎಲ್ಲಾ ನಂಗೆ ಗೊತ್ತು. ನಾನ್ ಬಿದ್ದಿದ್ದೇ ತಪ್ಪಾತು. ಅವತ್ತೇ ಸತ್ತಿದ್ರೆ ಇದ್ಯಾವ್ದೂ ಇರ್ತಿರ್ಲಿಲ್ಲ."

"ಅಜ್ಜಿ, ನೀನ್ ಶುರು ಮಾಡ್ಬ್ಯಾಡ," ಎಂದು ತೇಜಸ್ವಿನಿ ಅಳಲು ಶುರು ಮಾಡಿದಳು. "ಇರು ಅಂತ ಅಂದೋಳು ನಾನು. ನನ್ ಬೈಯ್ರಿ ಎಲ್ಲಾರೂ."

"ಇನ್ನೊಂದು ಗೊತ್ತಾ ನಿಮಗೆ?" ಪ್ರಸನ್ನ ಕುಮಾರ ಅಪ್ಪನನ್ನೇ ನೋಡುತ್ತಿದ್ದ. "ಆ ಸಾಹೇಬ ಕೇಳಿದ್ನಂತೆ, ಯಾರು ಅಂಟಿಸಿದ್ದು, ಬರ್ದು ಕೊಡು ಅಂತ. ನಾನೇ ಅಂಟಿಸ್ದೆ ಅಂತ ಬರ್ದು ಸಹಿ ಹಾಕಿ ಬಂದವ್ಳೆ. ನಿಮ್ ಹೆಸರು ಬರೆದ್ರೆ ನಿಮ್ಮನ್ನ ಒಳಗೆ ಕರೆಸ್ತಾರೆ ಅಂತ."

ಲಕ್ಷ್ಮೀದೇವಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ಅದನ್ನ ಯಾಕೆ ಹೇಳಿದ್ರಿ ಈಗ?" ಎಂದು ಗಂಡನನ್ನು ಕೇಳಿದಳು. ಆಮೇಲೆ ಮಾವನ ತಟ್ಟೆಗೆ ಸಾರು ಬಡಿಸಿದಳು. ಗಂಗಾಧರಯ್ಯ ಉಣ್ಣದೆ ಕೈ ತೊಳೆದುಕೊಂಡರು.

ಇಪ್ಪತ್ತಮೂರು ಕಳೆಯಿತು. ಇಪ್ಪತ್ತೇಳಕ್ಕೆ ಮೇಡಂ ಒಂದು ಸಾಲಿನ ಸಂದೇಶ ಕಳಿಸಿದರು. ಅಕಾಮ ರದ್ದಾಗಿದೆ, ಶ್ರೀಲಂಕಾದ ಹೆಂಗಸೊಬ್ಬಳನ್ನು ಇಟ್ಟುಕೊಂಡಿದ್ದೇವೆ, ನಿನ್ನ ಬಟ್ಟೆಬರೆಯನ್ನು ಯಾರಾದರೂ ಬಂದರೆ ಕೊಟ್ಟು ಕಳಿಸುತ್ತೇವೆ.

ಏಪ್ರಿಲ್ ಮೊದಲ ವಾರ ಒಂದು ಬೆಳಿಗ್ಗೆ ಗಂಗಾಧರಯ್ಯ ಹಿತ್ತಿಲಲ್ಲಿ ಸೌದೆ ಒಟ್ಟುತ್ತಿದ್ದರು. ಲಕ್ಷ್ಮೀದೇವಿ ನೀರಿನ ಬಿಂದಿಗೆ ಕೆಳಗಿಟ್ಟು ಹತ್ತಿರ ಬಂದಳು.

"ಮಾವ, ಒಂದೇ ಸಲ ಕೇಳ್ತೀನಿ. ಮತ್ತೆ ಕೇಳಲ್ಲ. ಅವರು ಅಂದಂಗೆ ನಿಮ್ ಮನಸ್ನಾಗೆ ಏನಾರ ಇತ್ತಾ?"

"ದೇವ್ರಾಣೆ ಇಲ್ಲಮ್ಮ."

"ಸರಿ."

"ನೀನು ನಂಬ್ತೀಯಾ ಇಲ್ವಾ ಅದು ಹೇಳು."

"ನಂಬಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಲ್ವಾ ಮಾವ ಈಗ." ಅವಳು ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ಅವರಿಗೆ ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಬಿಸಿನೀರು ಸಿಗುತ್ತಿತ್ತು. ಮಾತು ಮಾತ್ರ ಬೇಕಾದಷ್ಟೇ. ಕರೆಂಟ್ ಬಿಲ್ಲು, ಕೆಂಚಮ್ಮನ ಆಸ್ಪತ್ರೆ ಚೀಟಿ, ರೇಷನ್ ಅಂಗಡಿಯ ಬೆರಳಚ್ಚು, ಮೊದಲು ಅವರ ಕೈಗೆ ಬರುತ್ತಿದ್ದ ಕೆಲಸಗಳನ್ನೆಲ್ಲ ತೇಜಸ್ವಿನಿ ಮಾಡತೊಡಗಿದಳು. ಪಿಯುಸಿ ಫಲಿತಾಂಶ ಬಂತು, ಪ್ರಥಮ ದರ್ಜೆ. ನರ್ಸಿಂಗ್ ಕಾಲೇಜಿನ ಅರ್ಜಿಯನ್ನು ಹುಡುಗಿ ತಾನೇ ತುಂಬಿದಳು. ತಾತ ಕನ್ನಡಕ ಹುಡುಕಿ ತರುವಷ್ಟರಲ್ಲಿ ಕಳಿಸಿಯೂ ಆಗಿತ್ತು.

"ಒಂದ್ಸಲ ತೋರ್ಸಿದ್ರೆ ನೋಡ್ತಿದ್ನಲ್ಲಾ ಮಗ," ಎಂದರು.

"ಎಲ್ಲಾ ಆನ್‌ಲೈನ್ ತಾತ," ಎಂದಳು ತೇಜಸ್ವಿನಿ.

ಮೇ, ಜೂನ್ ತಿಂಗಳುಗಳಲ್ಲಿ ಕದಿರಿಯ ಏಜೆಂಟ್ ಎರಡು ಸಲ ಮನೆಗೆ ಬಂದ. ಗಂಗಾಧರಯ್ಯ ಬಂದು ಕೂತೊಡನೆ ಅವನೂ ಲಕ್ಷ್ಮೀದೇವಿಯೂ ತೆಲುಗಿನಲ್ಲಿ ಮಾತಾಡಿಕೊಂಡರು. ಪಾವಗಡದಿಂದ ಇಷ್ಟೇ ದೂರದಲ್ಲಿ ಎಪ್ಪತ್ತೆರಡು ವರ್ಷ ಬದುಕಿದವರಿಗೆ ತೆಲುಗು ಬರುತ್ತಿತ್ತು. ಬರುವುದಿಲ್ಲ ಎನ್ನುವ ಹಾಗೆ ಅವರು ಎದ್ದು ಜಗಲಿಗೆ ಹೋದರು.

ಜುಲೈ ಹದಿನಾಲ್ಕರಂದು ಕೊರಟಗೆರೆ ಹತ್ತಿರ ಅವರ ಸೋದರತ್ತೆಯ ಮಗ ಶಂಕರಲಿಂಗಪ್ಪನ ತಿಥಿ ಇತ್ತು. ಗಂಗಾಧರಯ್ಯ ಹಿಂದಿನ ದಿನವೇ ಹೋಗಿ, ಹದಿನೈದರ ಸಂಜೆ ನಾಲ್ಕೂವರೆಗೆ ಮಿಡಿಗೇಶಿಯಲ್ಲಿ ಬಸ್ಸಿಳಿದರು. ಕೆಂಚಮ್ಮ ಕೋಲೂರಿಕೊಂಡು ತಾವೇ ಬಂದು ಬಾಗಿಲು ತೆಗೆದರು. ನಡುಮನೆಯ ಬೀರುವಿನ ಮೇಲೆ ಸೂಟ್‌ಕೇಸ್ ಇರಲಿಲ್ಲ.

"ಲಕ್ಷ್ಮಿ ಎಲ್ಲಿ?"

"ಹೋದ್ಲು."

"ಎಲ್ಲಿಗೆ?"

"ಮಸ್ಕತ್ತಿಗೆ. ಹೊಸ ಮನೆ. ಬೆಳಿಗ್ಗೆ ಸುರೇಶನ ಕಾರಾಗೆ ಹೋದ್ರು."

ಗಂಗಾಧರಯ್ಯ ಕೈಚೀಲವನ್ನು ಕೆಳಗಿಡಲಿಲ್ಲ. "ನಂಗ್ಯಾರೂ ಹೇಳ್ಲಿಲ್ಲ."

"ಹೇಳ್ಬ್ಯಾಡಿ ಅಂದ್ಲು," ಎಂದರು ಕೆಂಚಮ್ಮ. "ಕಾಲು ತೊಳ್ಕಳಿ. ಅನ್ನ ಮಾಡಿಟ್ಟು ಹೋಗವ್ಳೆ."

ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ತೇಜಸ್ವಿನಿಯ ಫೋನಿಗೆ ಸಂದೇಶ ಬಂತು. ಎರಡೂ ಕಡೆ ಇಮಿಗ್ರೇಷನ್‌ನಲ್ಲಿ ಏನೂ ಕೇಳಲಿಲ್ಲ, ಮನೆ ಸೇರಿದ್ದೇನೆ, ಮನೆಯಲ್ಲಿ ಒಂಬತ್ತು ಜನ. ಕರಾರಿನ ಪ್ರಕಾರ ಅವಳಿಗೆ ಮೊದಲ ರಜೆ ಎರಡು ವರ್ಷದ ನಂತರ.